ಜಾರೋ ಹಲಗೆಗೆ ಯಾವ ಕಾಲು ಮುಂದೆ

ಲೇ ರತ್ನಿ,
ಎರಡು ಕಾರ್ಡು ಹಾಕಿದರೂ ಅಕ್ಕನಿಗೆ ಒಂದು ಸಾಲು ಬರೆಯೋಕಾಗಲ್ಲ, ಕೈಗೇನು ಲಕ್ವ ಹೊಡೆದಿದೆಯೇನೇ? ಇಲ್ಲಿ ಐರ್ಲೆಂಡಿನ ಈ ಡನ್ ಲಿಯರಿಯಲ್ಲಿ ನನಗೆ ದಿಕ್ಕೇ ತೋಚ್ತಿಲ್ಲ.

ಮೊಮ್ಮಗಳು ಇಂಚರಾಗೆ ಸ್ನೋಬೋರ್ಡು ಅಂತ ಜಾರೋ ಹಲಗೆ ತರೋಕೆ ಹೋಗಿದ್ವಿ. ಹಿಮ ಸರಿಯಾಗಿ ಬೀಳದ ಊರು, ಗುಡ್ಡಕ್ಕೆ ಪ್ಲಾಸ್ಟಿಕ್ ಬ್ರಷ್ಷು ಹಾಸಿ ಅದರ ಮೇಲೆ ಜಾರ್ತಾರೆ. ಅಂಗಡಿಯವನು ಹಲಗೆ ನಿಲ್ಲಿಸಿ ಅವಳ ಗದ್ದದವರೆಗೆ ಬರುತ್ತಾ ನೋಡಿದ, ತೂಕ ಕೇಳಿದ, ಆಮೇಲೆ ಹಿಂದಿನಿಂದ ಮೆಲ್ಲಗೆ ತಳ್ಳಿದ. ಮಗೂನ ಯಾಕೋ ತಳ್ತೀಯ ಅಂತ ಬೈದೆ. ಯಾವ ಕಾಲು ಮುಂದೆ ಬರುತ್ತೆ ಅಂತ ನೋಡೋಕಂತೆ. ಎಡಗಾಲು ಬಂತು. ಹೊಸದೇನೇ ಹತ್ತಿದರೂ ಬಲಗಾಲು ಮೊದಲಿಡಬೇಕು ಕಣೇ ಅಂದೆ. ಅವಳು ಬಲಗಾಲೇ ಮುಂದೆ ಬರೋ ಹಾಗೆ ಹಲಗೆಗೆ ಕಾಲುಪಟ್ಟಿ ಹಾಕಿಸಿಕೊಂಡಳು.

ಈಗ ಹೋದಾಗೆಲ್ಲ ಬೀಳ್ತಾಳೆ, ಮಣಿಕಟ್ಟು ಊದಿದೆ. ನೋವಾ ಅಂದರೆ ಗ್ರ್ಯಾಂಡ್ ಅಂತಾಳೆ, ಅಂದರೆ ಏನೂ ಆಗಿಲ್ಲ ಅಂತ, ಇಲ್ಲಿ ಎಲ್ಲಕ್ಕೂ ಅದೇ ಮಾತು. ಕಲಿಸೋಳು ಎಡಗಾಲಿಗೆ ಬದಲಾಯಿಸು ಅಂದರೆ, ಅಜ್ಜಿ ಬೇಡ ಅಂದಿದ್ದಾರೆ ಅಂತಾಳಂತೆ. ಒಂದು ದಿನವೂ ನನ್ನ ಮಾತು ಕೇಳದೋಳು ಇದೊಂದನ್ನ ಕೇಳಿದಾಳೆ. ಈಗ ನಾನೇ ಎಡಗಾಲಿಡು ಅಂದರೆ ಮುಂದೆ ಯಾವುದನ್ನ ಕೇಳ್ತಾಳೆ? ಸುಮ್ಮನಿದ್ದರೆ ಕೈ ಮುರ್ಕೋತಾಳೆ.

ನನ್ನ ಮಂಡಿ ಪರವಾಗಿಲ್ಲ, ಎಣ್ಣೆ ಮಾತ್ರ ಮುಗೀತಾ ಬಂತು. ನೀನು ಪುರೋಹಿತರನ್ನ ಕೇಳು, ಹಲಗೆಗೂ ಬಲಗಾಲೇ ಆಗಬೇಕಾ ಅಂತ. ಅವರು ಏನೇ ಹೇಳಲಿ, ಎಡಗಾಲಾದರೂ ದೋಷವಿಲ್ಲ ಅಂದರು ಅಂತಲೇ ಬರಿ. ಮುಂದಿನ ತಿಂಗಳು ಹುಟ್ಟೋದರೊಳಗೆ ಕಾರ್ಡು ನನ್ನ ಕೈಲಿರಬೇಕು, ಹೇಳಿದೀನಿ.

ನಿನ್ನಕ್ಕ