ಲಾರಿ ಹತ್ತಿದ ಬಂಡ್ರಿಯ ಹಾಡುಗಳು

ಹೊಸಪೇಟೆ
20 ನವೆಂಬರ್ 2009, ಶುಕ್ರವಾರ

ಪ್ರೀತಿಯ ಪಂಪಾವತೀ,

ಈ ಹಾಡಿನ ವ್ಯವಹಾರಕ್ಕೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಮೈಕು ಸುಟ್ಟುಹೋಯಿತು, ಅಂಗಡಿ ಮುಂದಿನ ಮಿರ್ಚಿ ಉಚ್ಚೆಂಗಮ್ಮನ ಗಂಟಲು ಕೂತಿತು, ಲಾರಿ ಸೂಪರ್‌ವೈಸರ್ ನಮಸ್ಕಾರ ನಿಲ್ಲಿಸಿದ, ಹೆಂಡತಿ ಮಾತು ಬಿಟ್ಟಳು. ಮೊದಲ ಮೂರನ್ನು ಹೇಗೋ ತಡೆದುಕೊಂಡೇನು.

ನಿನ್ನ ಕೆಮ್ಮು ಹೇಗಿದೆ? ಅತ್ತೆಯವರ ಕಣ್ಣಿಗೆ ಔಷಧಿ ಬಿಡುತ್ತಿದ್ದೀಯಾ? ಆ ಅದಿರಿನ ಧೂಳಿನಲ್ಲಿ ರಸ್ತೆಗೆ ಕೂರುವಾಗ ಸೆರಗಾದರೂ ಒದ್ದೆ ಮಾಡಿ ಮೂಗಿಗೆ ಕಟ್ಟಿಕೋ. ನಾನು ಚೆನ್ನಾಗಿದ್ದೇನೆ, ಅಂದರೆ ಮೂರು ಹೊತ್ತೂ ಅವಲಕ್ಕಿ. ಫೋನ್ ಮಾಡಿದರೆ ಕಟ್ ಮಾಡುತ್ತೀ, ಕಾಗದವನ್ನು ಕಟ್ ಮಾಡಲಾಗದು ಎಂದು ಬರೆಯುತ್ತಿದ್ದೇನೆ.

ಶಾಲೆಯ ಹೊತ್ತಿಗೆ ಲಾರಿ ಬಿಡಬಾರದೆಂದು ನೀನೂ ನಿನ್ನ ತವರು ಬಂಡ್ರಿಯ ಹೆಣ್ಣುಮಕ್ಕಳೆಲ್ಲರೂ ರಸ್ತೆಗೆ ಕೂತಿದ್ದೀರಿ, ಮೈಕಿಗೆ ಹಾಕಲು ಮೆಮೊರಿ ಕಾರ್ಡಿಗೆ ಹೋರಾಟದ ಹಾಡು ತುಂಬಿಸಿ ಕಳಿಸಿ ಎಂದು ನೀನು ಕಂಡಕ್ಟರ್ ತೋಟಪ್ಪನ ಕೈಲಿ ಹೇಳಿಕಳಿಸಿದೆ. ಮೊಬೈಲಿಗೆ ಹಾಡು ತುಂಬುವ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ಸಿನಿಮಾ ಮತ್ತು ಭಕ್ತಿ, ಎರಡೇ. ಹಾಗಾಗಿ ಬಂದ ಗಿರಾಕಿಗಳನ್ನೇ ಹಿಡಿದು ಹಾಡಿಸಿದೆ. ಉಚ್ಚೆಂಗಮ್ಮ ಬಾಣಲೆ ಇಳಿಸಿ ಬಂದು, ‘ಗಂಟಿ ಹೊಡದೈತಿ ಸಾಲ್ಯಾಗ, ನಿಲ್ಲೋ ಲಾರಿಯವನೇ’ ಎಂದು ಅಲ್ಲೇ ಕಟ್ಟಿ ಹಾಡಿದಳು. ಬುಕ್ಕಸಾಗರದಿಂದ ಸಂತೆಗೆ ಬಂದವರು ಕಳೆ ಕೀಳುವ ಹಾಡಿಗೆ ಧೂಳಿನ ಮಾತು ಸೇರಿಸಿದರು. ಲಾರಿ ಡ್ರೈವರ್ ವೆಂಕಟೇಶ್ ಮೂಲೆಯಲ್ಲಿ ನಿಂತು ಕೇಳುತ್ತಿದ್ದವನು, ‘ಅಣ್ಣಾ, ಧೂಳು ನಮಗೂ ಬಡೀತೈತಿ, ನಂದೂ ಒಂದು ಹಾಕ್ರಿ’ ಎಂದು, ತೂಕದ ಕಾಟಾ ಮುಂದೆ ಲಾರಿಯಲ್ಲೇ ಮಲಗಿ ಹೆಂಡತಿಯನ್ನು ನೆನೆಯುವವನ ಹಾಡು ಹೇಳಿದ. ನಿನಗೆ ಕಳಿಸಿದ ಇಡೀ ಕಾರ್ಡಿನಲ್ಲಿ ಅದೇ ಚೆನ್ನಾಗಿದೆ, ಉಚ್ಚೆಂಗಮ್ಮನಿಗೆ ಹೇಳಬೇಡ.

ಈಗ ನನ್ನ ತಪ್ಪು. ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತು: ಹೊಸದಾಗಿ ಬಂದದ್ದೆಲ್ಲ ‘ಹೊಸದು’ ಫೋಲ್ಡರಿಗೆ ಹೋಗುತ್ತದೆ, ಗಿರಾಕಿ ಬಾಯಿ ತೆರೆಯುವ ಮೊದಲೇ ಆ ಫೋಲ್ಡರ್ ಅವನ ಕಾರ್ಡಿಗೆ ಇಳಿಯುತ್ತದೆ. ಇವನ್ನೂ ಅಭ್ಯಾಸದ ಮೇಲೆ ಅದರಲ್ಲೇ ಇಟ್ಟೆ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅದಿರು ಲಾರಿಯವರು. ಮಂಗಳವಾರ ನಿಮ್ಮೆದುರು ಲಾರಿಗಳು ನಿಮ್ಮದೇ ಹಾಡು ಕೂಗಿಸುತ್ತ ಹೋದದ್ದು ಹೀಗೆ. ‘ನಮ್ಮ ಹಾಡ್ನ ಲಾರಿಯವ್ರಿಗೆ ಮಾರ್ಕೊಂಡ್ರೇನು? ಇನ್ನ ಅಲ್ಲೇ ಇರ್ರಿ, ನಾ ಬರಂಗಿಲ್ಲ’ ಎಂದು ನೀನು ಹೇಳಿದ್ದನ್ನು ತೋಟಪ್ಪ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಒಪ್ಪಿಸಿದ. ಮಾರಲಿಲ್ಲ ಮಾರಾಯ್ತಿ. ದುಡ್ಡು ತೆಗೆದುಕೊಂಡದ್ದು ಸಿನಿಮಾ ಹಾಡಿಗೆ, ನಿಮ್ಮದು ಅದರ ಜೊತೆ ಪುಕ್ಕಟೆ ಹೋಯಿತು. ಸೂಪರ್‌ವೈಸರ್ ನಿನ್ನೆ ಬಂದು, ‘ಯಾವನಲೇ ಇದನ್ನ ತುಂಬಿದಾವ? ಈಗಿಂದೀಗ ಅಳಸು’ ಎಂದ. ‘ತುಂಬೋದಷ್ಟ ಗೊತ್ರಿ ಸಾಹೇಬ್ರ, ಅಳಸೋದು ಕಲ್ತಿಲ್ಲ’ ಎಂದೆ. ಇನ್ನು ಅವನ ಕಡೆಯ ಗಿರಾಕಿ ಬರುವುದಿಲ್ಲ. ಬೇಡ ಬಿಡು.

ಅತ್ತೆಯವರಿಗೆ ನಮಸ್ಕಾರ, ನಿನ್ನ ಜೊತೆ ಕೂತವರಿಗೆಲ್ಲ ನನ್ನ ನೆನಪು ಹೇಳು. ಸಿಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಗಾದಿಲಿಂಗಪ್ಪ

ತಾ.ಕ.: ತೋಟಪ್ಪನ ಬಸ್ಸು ಹೊರಟು ನಿಂತಿದೆ, ಬೇಗ ಬರೆಯುತ್ತೇನೆ. ಈಗಷ್ಟೇ ವೆಂಕಟೇಶ್ ಬಂದಿದ್ದ. ‘ಆ ಹಾಡು ಹಾಕ್ಕೊಂಡು ಆ ಹೆಣ್ಮಕ್ಕಳ ಮುಂದ ಹಾರ್ನ್ ಹೊಡ್ಯಾಕ ನಮಗ ಮುಖ ಇಲ್ಲಣ್ಣ’ ಎಂದ. ಸೋಮವಾರದಿಂದ ಶಾಲೆ ಕೂಡುವ ಹೊತ್ತು, ಬಿಡುವ ಹೊತ್ತು, ಡ್ರೈವರುಗಳೆಲ್ಲ ಲಾರಿಗಳನ್ನು ಊರಾಚೆ ನಿಲ್ಲಿಸುತ್ತಾರಂತೆ. ಬೈಯಬೇಡಿ, ಚಹಾ ಕೊಡಿ. ಲೆಕ್ಕ ಇಷ್ಟು: ಮಕ್ಕಳಿಗೆ ರಸ್ತೆ ಸಿಕ್ಕಿತು. ಡ್ರೈವರುಗಳಿಗೆ ಎರಡು ಹೊತ್ತು ಬೆನ್ನು ಚಾಚಲು ಬಿಡುವು ಸಿಕ್ಕಿತು. ಉಚ್ಚೆಂಗಮ್ಮನಿಗೆ ಸಂಡೂರಿನವರೆಗೆ ಹೆಸರು. ಸೂಪರ್‌ವೈಸರಿಗೆ ಏನೂ ಇಲ್ಲ. ನನ್ನ ಪಾಲಿನದು ಇನ್ನೂ ಬಂದಿಲ್ಲ, ನೀನು ಬಸ್ಸು ಹತ್ತಿದ ದಿನ ಬರೆದುಕೊಳ್ಳುತ್ತೇನೆ.