ಹನ್ನೆರಡನೆಯ ಪುಟದಿಂದ ಬೇರೆ ಕೈ

ತಿ. ನರಸೀಪುರ
12 ಸೆಪ್ಟೆಂಬರ್ 2009, ಶನಿವಾರ

ಪ್ರೀತಿಯ ನಯನಕ್ಕನಿಗೆ,

ತಂಗಿ ಶ್ವೇತಳ ನಮಸ್ಕಾರಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ದಾವಣಗೆರೆಯಲ್ಲಿ ನೀನು, ಭಾವ, ನಿನ್ನ ಮಗಳು ಶಾಲಿನಿ ಎಲ್ಲರೂ ಸುಖವಾಗಿದ್ದೀರಿ ಅಂತ ವೆಂಕಟಮ್ಮನ ಬಾಯಲ್ಲಿ ಕೇಳುತ್ತಲೇ ಇದ್ದೇನೆ. ನಿನ್ನ ಪಾರ್ಸಲ್ ಬಂದು ಇವತ್ತಿಗೆ ಇಪ್ಪತ್ತಾರು ದಿನ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಅಂತ ಬರೆಯಬಹುದಿತ್ತು, ಆದರೆ ಅದು ಸುಳ್ಳು. ಮೊದಲ ಆರು ದಿನ ನಾನು ಪಾರ್ಸಲನ್ನು ಬಿಚ್ಚಲೇ ಇಲ್ಲ. ಅಕ್ಕಿ ಡಬ್ಬದ ಮೇಲಿಟ್ಟು, ಹೋಗುತ್ತಾ ಬರುತ್ತಾ ಅದರ ದಾರ ನೋಡುತ್ತಿದ್ದೆ.

ನನ್ನ ಬುದ್ಧಿಯೇ ಹಾಗಾಗಿದೆ. ಹೆಮ್ಮಿಗೆಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ದಿನಾ ಬೆಳಗ್ಗೆ ನೂರಿಪ್ಪತ್ತು ಜನರ ಹಾಲಿಗೆ ಅಳತೆ ಕೊಳವೆ ಅದ್ದಿ, ನೀರು ಬೆರೆಸಿದ್ದಾರಾ ಅಂತ ಅವರ ಮುಖ ಒಂದು ಸಲ, ಕೊಳವೆ ಒಂದು ಸಲ ನೋಡುವವಳು. ಹೀಗೆ ಎಂಟು ವರ್ಷ ನೋಡಿದರೆ ಯಾರಿಗಾದರೂ ಅನುಮಾನದ ಕಣ್ಣೇ ಕಾಯಂ ಆಗಿಬಿಡುತ್ತದೆ. ನನ್ನ ಯಜಮಾನರು ಗುರುಪ್ರಸಾದ್ ತಮಾಷೆ ಮಾಡುತ್ತಾರೆ: "ನಿನ್ ಕೈಗೆ ಪ್ರಸಾದ ಕೊಟ್ರೂ ಮೂಸಿ ನೋಡ್ತೀಯ ಕಣೇ."

ವೆಂಕಟಮ್ಮನನ್ನೇ ತಗೋ. ಅವಳು ಭಾವನ ಸೋದರತ್ತೆ ಅಂತ ನನಗೇನು ಗೊತ್ತಿತ್ತು? ವರ್ಷಗಟ್ಟಲೆ ನನ್ನ ಮುಂದೆ ಹಾಲಿನ ಕ್ಯಾನ್ ಇಟ್ಟು ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. ಏನೋ ಬೆರೆಸಿ ತರುತ್ತಾಳೆ ಅಂತ ಮೂರು ಸಲ ಬೇರೆ ಬೇರೆ ಪರೀಕ್ಷೆ ಮಾಡಿದೆ. ಅಪ್ಪಟ ಹಾಲು. ಅನುಮಾನ ಇನ್ನೂ ಜಾಸ್ತಿಯಾಯಿತು. ಕೊನೆಗೆ ಈ ಯುಗಾದಿ ಆದಮೇಲೆ ಅವಳೇ ಬಾಯಿಬಿಟ್ಟಳು. "ಸಿಟ್ಟಾಗ್ಬ್ಯಾಡ ಕಣವ್ವ, ನೀನು ಕಳಲೆ ಮಂಗಳಮ್ಮೋರ ಕಿರೀ ಮಗಳಲ್ವಾ? ನಿಮ್ಮಕ್ಕ ನಮ್ ಕಾಂತರಾಜನ ಎಂಡ್ರು. ನಿಮ್ಮವ್ವ ತೀರ್ಕೊಂಡ ಸುದ್ದಿ ನಾನೇ ಏಳ್ದೆ, ಒಂದೇ ಸಮ್ನೆ ಅತ್ಲು. ನಿನ್ ಅಡ್ರೆಸ್ ಕೇಳ್ತಾವ್ಳೆ, ಕೊಡ್ಲಾ?" ನಾನು "ಕೊಡಿ" ಅಂದೆನಂತೆ. ಅಂದದ್ದು ನನಗೆ ನೆನಪಿಲ್ಲ.

ಏಳನೆಯ ದಿನ ಪಾರ್ಸಲ್ ಬಿಚ್ಚಿದೆ. ಒಳಗೆ 'ಏಳು ಕಲ್ಲಿನ ನಾಡು', ಆರೂ ಭಾಗ, ಹೊಸ ಅಚ್ಚು, ಹೊಳೆಯುವ ರಟ್ಟು. ಜೊತೆಗೆ ನಿನ್ನ ಚೀಟಿ. ಭಾವ ಕೆಲಸ ಮಾಡುವ ಪ್ರೆಸ್ಸಿನಲ್ಲೇ ಇವು ಬೈಂಡ್ ಆದವು, ಶಾಲಿನಿ ಬಿಟ್ಟೂಬಿಡದೆ ಓದಿದಳು, ನೀನೂ ಹಾಗೇ ಓದುತ್ತಿದ್ದೆಯಲ್ಲ ಅಂತ ಕಳಿಸಿದೆ ಅಂದಿದ್ದೀಯ. ದಸರಾ ರಜೆಗೆ ಬರಲಾ ಅಂತ ಕೇಳಿದ್ದೀಯ. ಅದರ ಕೆಳಗೆ ಇನ್ನೊಂದು ಸಾಲು: ಅಷ್ಟು ಕಾಗದ ಹಾಕಿದೆ, ಒಂದಕ್ಕೂ ಉತ್ತರ ಬರಲಿಲ್ಲ, ಅಮ್ಮ ನನ್ನ ಪಾಲಿಗೆ ಅಷ್ಟು ಕಲ್ಲಾಗಿಬಿಟ್ಟಳಾ?

ಮನೆ ಬಿಟ್ಟು ಹದಿನೆಂಟು ವರ್ಷವಾದ ಅಕ್ಕ ಮಕ್ಕಳ ಕಥೆ ಪುಸ್ತಕ ಕಳಿಸುತ್ತಾಳೆ ಅಂದರೆ ಏನರ್ಥ? ಸೀರೆ ಕಳಿಸಬಹುದಿತ್ತು, ಬೆಣ್ಣೆ ಬಿಸ್ಕತ್ತು ಕಳಿಸಬಹುದಿತ್ತು. ಇದನ್ನೇ ಯಾಕೆ? ಆರೂ ಪುಸ್ತಕವನ್ನು ತಲೆಕೆಳಗು ಮಾಡಿ ಕೊಡವಿದೆ. ಏನೂ ಬೀಳಲಿಲ್ಲ. ಆಮೇಲೆ ಬೇರೆ ದಾರಿ ಕಾಣದೆ ಓದಲು ಕೂತೆ.

ಅಕ್ಕ, ಆ ಪುಸ್ತಕಕ್ಕೆ ನಾವು ಎಷ್ಟು ಹುಚ್ಚರಾಗಿದ್ದೆವು! ನಂಜನಗೂಡಿನ ಬಜಾರಿನಲ್ಲಿ ಕಲ್ಲಯ್ಯ ಮೇಷ್ಟ್ರ ಬಾಡಿಗೆ ಪುಸ್ತಕದ ಅಂಗಡಿಯ ಮುಂದೆ ಸರದಿ ನಿಂತು ತರುತ್ತಿದ್ದೆವು. ಕಣಗಿಲೆ ಅನ್ನುವ ಅಕ್ಕ, ಮಿಂಚುಳ್ಳಿ ಅನ್ನುವ ತಂಗಿ, ಏಳು ಕಲ್ಲಿನ ಬಾಗಿಲು, ರೆಕ್ಕೆಯ ಎತ್ತು, ಗುಹೆಯ ಋಷಿ, ಮಾಟಗಾತಿ. ನೀನು ಕಣಗಿಲೆ, ನಾನು ಮಿಂಚುಳ್ಳಿ. ಹನ್ನೊಂದು ವರ್ಷದ ನನಗೆ ಅದು ಕಥೆಯೇ ಆಗಿರಲಿಲ್ಲ, ನಡೆದ ಸಂಗತಿ.

ಈಗ ಇಪ್ಪತ್ತೊಂಬತ್ತಕ್ಕೆ ಓದಿದರೆ ನನಗೆ ಎಲ್ಲರ ಮೇಲೂ ಗುಮಾನಿ. ಆ ಋಷಿಗೆ ಮೊದಲ ಭಾಗದಲ್ಲೇ ಎಲ್ಲ ಗೊತ್ತಿರುತ್ತದೆ. ಬಾಯಿಬಿಟ್ಟಿದ್ದರೆ ಮಿಕ್ಕ ಐದು ಭಾಗ ಬೇಕಾಗುತ್ತಲೇ ಇರಲಿಲ್ಲ. ಇಬ್ಬರು ಹುಡುಗಿಯರನ್ನು ಸಾಯೋಕೆ ಕಳಿಸಿ ತಾನು ಗುಹೆಯಲ್ಲಿ ಹಣ್ಣು ತಿನ್ನುತ್ತಾ ಕೂರುತ್ತಾನೆ. ರಾಜ ಒಳ್ಳೆಯವನಂತೆ, ಆದರೆ ಆರು ಭಾಗದಲ್ಲಿ ಒಂದು ಸಲವೂ ಆ ಮಕ್ಕಳಿಗೆ ಊಟ ಆಯಿತಾ ಅಂತ ಕೇಳುವುದಿಲ್ಲ. ಮಾಟಗಾತಿಯೇ ವಾಸಿ, ಮಾಡುವುದನ್ನು ಹೇಳಿ ಮಾಡುತ್ತಾಳೆ. ಬೈದುಕೊಂಡೇ ಓದಿದೆ. ಆದರೂ ನಾಲ್ಕನೆಯ ಭಾಗದಲ್ಲಿ ಎತ್ತಿನ ರೆಕ್ಕೆ ಮುರಿದಾಗ ಹಾಲಿನ ರಿಜಿಸ್ಟರಿನ ಮೇಲೆ ಕಣ್ಣೀರು ಬಿತ್ತು. ಅದನ್ನು ಯಾರಿಗೂ ಹೇಳಿಲ್ಲ.

ಆರನೆಯ ಭಾಗದ ಕೊನೆಗೆ ಬಂದಾಗ ಕೈ ನಿಂತಿತು. ಇದು ನಾನು ಓದಿದ ಕೊನೆಯಲ್ಲ.

ನಿನಗೆ ನೆನಪಿರಬೇಕು. ತೊಂಬತ್ತೊಂದರ ಬೇಸಿಗೆಯಲ್ಲಿ ನಾನು ಆರನೆಯ ಭಾಗವನ್ನು ಕೊಟ್ಟಿಗೆಯಲ್ಲಿಟ್ಟು ನೀರು ಕುಡಿಯಲು ಹೋದಾಗ ನಮ್ಮ ಕರು ಕೊನೆಯ ಹದಿನಾರು ಪುಟ ತಿಂದುಬಿಟ್ಟಿತು. ಕಲ್ಲಯ್ಯ ಮೇಷ್ಟ್ರ ಕಾನೂನು ಬಜಾರಿಗೆಲ್ಲ ಗೊತ್ತಿತ್ತು: ಪುಟ ಹಾಳುಮಾಡಿದವರು ಅಂಗಡಿಯಲ್ಲೇ ಕೂತು, ಇನ್ನೊಂದು ಪ್ರತಿ ನೋಡಿಕೊಂಡು, ಅಷ್ಟೂ ಪುಟ ಕೈಯಲ್ಲಿ ಬರೆದುಕೊಡಬೇಕು. ಆ ಹಾಳೆಗಳನ್ನು ಪುಸ್ತಕಕ್ಕೆ ಹೊಲಿಯುತ್ತಿದ್ದರು. ಅಲ್ಲಿಯವರೆಗೆ ಬೇರೆ ಪುಸ್ತಕ ಇಲ್ಲ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಅಂತ ಮೇಷ್ಟ್ರು ನಿನ್ನನ್ನು ಕೂರಿಸಿದರು. ಎದುರಿಗೆ ಬೈಂಡಿಂಗ್ ಮಾಡುತ್ತಾ ಹೆಮ್ಮಿಗೆಯ ಕಾಂತರಾಜು ಕೂತಿದ್ದ.

ಮೂರು ಮಧ್ಯಾಹ್ನ ಹೋದೆ ನೀನು. ಹದಿನಾರು ಪುಟಕ್ಕೆ ಮೂರು ಮಧ್ಯಾಹ್ನ! ಆಗ ನನಗೆ ಲೆಕ್ಕ ಬರಲಿಲ್ಲ. ಸೋದರಮಾವ ಚಿಕ್ಕಬಸಪ್ಪನಿಗೆ ಬಂತು. ಯಾರೋ ಹೋಗಿ ಕಿವಿಯೂದಿದರು. ಜಗಲಿಯಲ್ಲಿ ನಿಂತು ಅಮ್ಮನಿಗೆ ಅಂದ: "ಅಕ್ಕಯ್ಯ, ನಾಳಿಂದ ಇವ್ಳು ಒಸ್ಲು ದಾಟಕೂಡ್ದು. ಜಾತಿಯಿಲ್ಲ, ಮಠವಿಲ್ಲ, ಪುಸ್ತ್ಕ ಒಲಿಯೋನ ಮುಂದೆ ಓಗಿ ಕೂತವ್ಳೆ." ನಾಲ್ಕನೆಯ ದಿನ ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಅರ್ಧ ಬರೆದ ಹಾಳೆ ಕೊಟ್ಟೆ. ಕಾಂತರಾಜು "ಮಿಕ್ಕಿದ್ದು ನಾನೇ ಬರೀತೀನಿ ಕಣವ್ವ, ನಾಳಿದ್ದು ಬಾ. ಮೊದ್ಲು ನಿಮ್ಮಕ್ಕಂಗೆ ತೋರ್ಸು, ತಪ್ಪಿದ್ರೆ ತಿದ್ಲಿ" ಅಂದ. ಎರಡು ದಿನ ಬಿಟ್ಟು ಹೊಲಿದ ಪುಸ್ತಕ ತಂದು ನಿನ್ನ ಕೈಗಿಟ್ಟೆ. ನೀನು ಕೊನೆಯ ಪುಟಗಳನ್ನು ಎರಡು ಸಲ ಓದಿ, "ಸರಿಯಾಗೇ ಇದೆ" ಅಂದೆ. ಆ ಶುಕ್ರವಾರ ಬೆಳಗ್ಗೆ ಮೊದಲ ಬಸ್ಸಿಗೆ ನೀನು ಹೋದೆ.

ಆ ಹಳೆಯ ಪುಸ್ತಕ ನನ್ನ ಹತ್ತಿರವೇ ಇದೆ. ಮಾವ ಬಜಾರಿನಲ್ಲಿ ಕೂಗಾಡಿದ ಮೇಲೆ ಮೇಷ್ಟ್ರು ಅದನ್ನು ವಾಪಸ್ಸು ಕೇಳಲೇ ಇಲ್ಲ. ಟ್ರಂಕಿನಿಂದ ತೆಗೆದು ಹೊಸದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿದೆ. ಹನ್ನೊಂದು ಪುಟದವರೆಗೆ ನಿನ್ನ ಗುಂಡು ಅಕ್ಷರ, ಅಚ್ಚಿನಲ್ಲಿದ್ದ ಹಾಗೇ. ಹನ್ನೆರಡನೆಯ ಪುಟದಿಂದ ಬೇರೆ ಕೈ, ಬೇರೆ ಕಥೆ.

ಅಚ್ಚಿನಲ್ಲಿ ಇರುವುದು ಇಷ್ಟು. ಕಣಗಿಲೆ ಏಳನೆಯ ಬಾಗಿಲು ದಾಟಿ ಆಚೆಯೇ ಉಳಿಯುತ್ತಾಳೆ. ವರ್ಷಕ್ಕೊಂದು ಸಲ ಎಲೆಯ ಮೇಲೆ ಕಾಗದ ಬರೆದು ಹೊಳೆಗೆ ಬಿಡುತ್ತಾಳೆ. ಮಿಂಚುಳ್ಳಿ ಅದನ್ನು ಹೆಕ್ಕಿ ಮನೆಯವರಿಗೆಲ್ಲ ಓದಿ ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು.

ಭಾವ ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ. ಕಣಗಿಲೆ ಮಿಂಚುಳ್ಳಿಗೆ ಹೇಳುತ್ತಾಳೆ: "ಇನ್ನು ಮೇಲೆ ಯಾರ ಕೈಬರಹದಲ್ಲಿ ಕಾಗದ ಬಂದರೂ ನಂಬಬೇಡ. ಮಾಟಗಾತಿಗೆ ಎಲ್ಲರ ಅಕ್ಷರವೂ ಬರುತ್ತದೆ. ಒಡೆಯದೆ ಕಲ್ಲಿನ ಕೆಳಗಿಡು, ಯಾರಿಗೂ ಹೇಳಬೇಡ. ನಾನೇ ಬರುತ್ತೇನೆ. ಶುಕ್ರವಾರ ಬೆಳಗ್ಗೆ ಮೊದಲ ಬಂಡಿಗೆ ಕಾದಿರು."

ಶುಕ್ರವಾರವಂತೆ! ಆರು ಭಾಗದಲ್ಲಿ ಎಲ್ಲೂ ಆ ನಾಡಿನಲ್ಲಿ ವಾರಗಳಿಗೆ ಹೆಸರೇ ಇಲ್ಲ. ಎಲ್ಲರೂ ರೆಕ್ಕೆಯ ಎತ್ತಿನ ಮೇಲೆ ಓಡಾಡುವ ಊರಿಗೆ ಮೊದಲ ಬಂಡಿ ಎಲ್ಲಿಂದ ಬಂತು? ಹನ್ನೊಂದು ವರ್ಷದವಳಿಗೆ ಅದು ಹೊಳೆಯಲಿಲ್ಲ. ಈಗ ಒಂದೇ ಓದಿಗೆ ಹೊಳೆಯಿತು. ಭಾವನ ಹೆಸರಿನಲ್ಲಿ, 'ನನ್ನನ್ನು ಮರೆತುಬಿಡು' ಅಂತ ನಿನಗೊಂದು ಕಳ್ಳ ಕಾಗದ ಕಳಿಸಬೇಕು ಅಂತ ಮಾವ ಹೊಂಚು ಹಾಕಿದ್ದ. ಇದನ್ನು ಅಮ್ಮನೇ ಆಮೇಲೆ ಹೇಳಿದ್ದಳು. ಭಾವನಿಗೆ ಅದು ಹೇಗೋ ಗೊತ್ತಾಗಿದೆ. ಮನೆಗೆ ಬರುವ ಚೀಟಿಯನ್ನೆಲ್ಲ ಮಾವ ತಡಕುತ್ತಾನೆ, ಮಕ್ಕಳ ಕಥೆ ಪುಸ್ತಕವನ್ನು ಮಾತ್ರ ಮುಟ್ಟುವುದಿಲ್ಲ. ನನ್ನ ಪುಸ್ತಕವನ್ನು ನೀವಿಬ್ಬರೂ ಲಕೋಟೆ ಮಾಡಿಕೊಂಡಿರಿ. ಕಳಲೆ ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ತಂದವಳು ನಾನು.

ನೀನು ಹೋದದ್ದಕ್ಕೆ ನನಗೆ ಕೋಪವಿಲ್ಲ. ಮಾವ ಗೊತ್ತುಮಾಡಿದ್ದ ಗಂಡನ್ನು ನಾನೂ ಆಮೇಲೆ ನೋಡಿದೆ, ಹೋದದ್ದೇ ಒಳ್ಳೆಯದಾಯಿತು. ಆದರೆ ಒಂದು ಮಾತು ನನ್ನ ಕಿವಿಯಲ್ಲಿ ಹೇಳಬಹುದಿತ್ತಲ್ಲ, ಅದು ಕಥೆಯಲ್ಲ ಕಣೇ, ನಮ್ಮ ಗುಟ್ಟು ಅಂತ. ಆ ಪುಟ ನನಗೇ ಬರೆದದ್ದು ಅಂತ ನಂಬಿದ್ದೆ. ಮಿಂಚುಳ್ಳಿ ಅಂದರೆ ನಾನೇ ಅಲ್ಲವಾ? ಎರಡು ವರ್ಷ ಪ್ರತಿ ಶುಕ್ರವಾರ ಮೊದಲ ಬಸ್ಸಿಗೆ ಲಕ್ಷ್ಮೀಕಾಂತ ದೇವಸ್ಥಾನದ ಹತ್ತಿರ ನಿಂತಿರುತ್ತಿದ್ದೆ. ಕಂಡಕ್ಟರಿಗೆ ನನ್ನ ಮುಖ ಗುರುತಾಗಿ, ಬಾಗಿಲಲ್ಲಿ ನಿಂತೇ "ಇಲ್ಲ ಕಣಮ್ಮಿ" ಅಂತ ಕೈಯಾಡಿಸುತ್ತಿದ್ದ.

ಈಗ ಹೇಳು. ಈ ಪುಸ್ತಕ ಕಳಿಸುವಾಗ ಆ ಪುಟಗಳು ನಿನಗೆ ನೆನಪಿದ್ದವಾ? ನಿಜವಾದ ಕೊನೆಯನ್ನು ನಾನು ಓದಲಿ, ಓದಿ ಬಾಯಿಬಿಡಲಿ ಅಂತ ಕಳಿಸಿದೆಯಾ? ಇಲ್ಲ, ಬರೀ ಪ್ರೀತಿಯಿಂದ ಕಳಿಸಿದೆಯಾ? ಇಪ್ಪತ್ತು ದಿನದಿಂದ ಇದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಬರೀ ಪ್ರೀತಿಯಿಂದ ಕಳಿಸಿದ್ದರೆ ನನಗೆ ಇನ್ನೂ ಕಷ್ಟ.

ದಸರಾ ರಜೆಗೆ ಬರಲಾ ಅಂದೆ. ಬಾ ಅಕ್ಕ. ಮೈಸೂರಿನಲ್ಲಿಳಿದು ನರಸೀಪುರದ ಬಸ್ಸು ಹತ್ತು, ಸ್ಟ್ಯಾಂಡಿಗೆ ಯಜಮಾನರು ಬರುತ್ತಾರೆ. ಶಾಲಿನಿಗೆ ಸೋಮನಾಥಪುರ ತೋರಿಸೋಣ, ಸಂಗಮದಲ್ಲಿ ಕಾಲು ನೆನೆಸೋಣ. ಭಾವನ ಮೇಲೆ ಜಗಳವಿದೆ, ಅವರೂ ಬರಲಿ. ಆದರೆ ಟಿಕೆಟ್ ಮಾಡಿಸುವ ಮುಂಚೆ ಈ ಕಾಗದವನ್ನು ಕೊನೆಯವರೆಗೆ ಓದು. ಓದಿದ ಮೇಲೂ ಬರಬೇಕು ಅನ್ನಿಸಿದರೆ ಬಾ.

ಶಾಲಿನಿಗೆ ಚಿಕ್ಕಮ್ಮನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನಂಜುಂಡೇಶ್ವರ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಶ್ವೇತ

ಮರೆತ ಮಾತು: ಹೀಗೆ ಬರೆಯುವುದು ವಾಡಿಕೆ, ನಾನು ಮರೆತಿಲ್ಲ. ಅಮ್ಮ ಕಲ್ಲಾಗಿರಲಿಲ್ಲ ಅಕ್ಕ. ನಿನ್ನ ಕಾಗದ ಅವಳಿಗೆ ಸೇರಲೇ ಇಲ್ಲ. ಪೋಸ್ಟ್ ಬೆಟ್ಟಯ್ಯ ನಮ್ಮ ಬೀದಿಯ ಕಾಗದವನ್ನೆಲ್ಲ ಸ್ಕೂಲಿನ ಹತ್ತಿರವೇ ನನ್ನ ಕೈಗೆ ಕೊಡುತ್ತಿದ್ದ. ನಿನ್ನವು ಒಟ್ಟು ಏಳು. ಮೊದಲ ಮೂರನ್ನು ಮಾಟಗಾತಿಯವೇ ಅಂತ ನಂಬಿ, ಒಡೆಯದೆ, ಹಿತ್ತಲಿನ ಬೀಸುಕಲ್ಲಿನ ಕೆಳಗೆ ತಳ್ಳಿದೆ. ನಾಲ್ಕನೆಯದು ಬಂದಾಗ ನನಗೆ ಹದಿನಾಲ್ಕು, ಬುದ್ಧಿ ಬಂದಿತ್ತು. ಆದರೆ ಅದನ್ನು ಕೊಟ್ಟರೆ ಮೊದಲಿನವು ಬಂದಿದ್ದವಾ ಅಂತ ಅಮ್ಮ ಕೇಳುತ್ತಾಳಲ್ಲ. ಹೆದರಿ ಅದನ್ನೂ ಮುಚ್ಚಿಟ್ಟೆ, ಆಮೇಲೆ ಬಂದವನ್ನೂ ಮುಚ್ಚಿಟ್ಟೆ. ಪುಸ್ತಕದಲ್ಲೇ ಹಾಗಿತ್ತು, ನಾನು ಮಗು ಅಂತ ಇಷ್ಟು ವರ್ಷ ಒಂದು ಸಮಾಧಾನವಿತ್ತು. ಪುಸ್ತಕದಲ್ಲಿ ಹಾಗಿರಲಿಲ್ಲ. ಏಳೂ ನನ್ನ ಹತ್ತಿರವಿವೆ, ಒಂದನ್ನೂ ಒಡೆದಿಲ್ಲ.

ಅಮ್ಮ ಹೋಗುವ ಹಿಂದಿನ ದಿನ ನಂಜನಗೂಡಿನ ಆಸ್ಪತ್ರೆಯಲ್ಲಿ ನಾನು ಗಂಜಿ ಕುಡಿಸುತ್ತಿದ್ದೆ. ಚಮಚ ಬೇಡ ಅಂತ ಪಕ್ಕಕ್ಕೆ ಸರಿಸಿ ಕೇಳಿದಳು, "ಎಲ್ಲಾದ್ರೂ ಚೆಂದಾಗಿರ್ಲಿ. ಆದ್ರೂ ನಯನ ಒಂದು ಕಾಗ್ದನಾದ್ರೂ ಆಕ್ಬೋದಿತ್ತು, ಅಲ್ವೇನ್ ಮಗ?"

ನಾನು ಅವಳ ಬಾಯಿ ಒರೆಸುತ್ತಾ, "ಊಂ ಕಣಮ್ಮ, ಆಕ್ಬೋದಿತ್ತು" ಅಂದೆ.