ಶೌಚಾಲಯದ ರಿಬ್ಬನ್ ಪ್ರಕರಣದಿಂದ ನನ್ನ ಚಿಗವ್ವನ ಹೆಸರು ಕೈಬಿಡುವ ಕುರಿತು

ಮಾನ್ಯ ಉದ್ಘಾಟನಾ ಅಧಿಕಾರಿಗಳೇ,

ನಮ್ಮ ಕಡಲತೀರದ ಹೊಸ ಸಾರ್ವಜನಿಕ ಶೌಚಾಲಯವನ್ನು ಮುಖ್ಯ ಅತಿಥಿಗಳಿಗಿಂತ ಮೊದಲೇ ಉದ್ಘಾಟಿಸಿದೆನೆಂದು ತಾವು ಪೊಲೀಸರಿಗೆ ದೂರು ಕೊಟ್ಟಿದ್ದೀರಿ. ಸಂತೋಷ. ಕತ್ತರಿ ಹಿಡಿದವನು ನಾನೇ. ಆದರೆ ‘ಪ್ರಚೋದಕಿ’ ಎಂದು ನನ್ನ ಚಿಗವ್ವ ಫಕೀರವ್ವನ ಹೆಸರನ್ನೂ ಸೇರಿಸಿದ್ದೀರಲ್ಲ, ಅದು ಯಾವ ಸೀಮೆಯ ನ್ಯಾಯ? ಕೇಸು ಮುಗಿಯುವತನಕ ಕೆಲಸಕ್ಕೆ ಬರಬೇಡವೆಂದು ಗುತ್ತಿಗೆದಾರ ಆಕೆಯನ್ನು ಮನೆಗೆ ಕಳಿಸಿದ್ದಾನೆ.

ಆ ಶೌಚಾಲಯಕ್ಕೆ ಇಟ್ಟಿಗೆ ಹೊತ್ತವಳೇ ಆಕೆ. ಕಟ್ಟಡ ಮಳೆಗಾಲಕ್ಕೆ ಮೊದಲೇ ಮುಗಿಯಿತು. ದೀಪಾವಳಿ ಕಳೆದರೂ ಅತಿಥಿಗಳಿಗೆ ಪುರುಸೊತ್ತಾಗಲಿಲ್ಲ. ಬಾಗಿಲಿಗೆ ಬೀಗವಿಲ್ಲ, ಬರೀ ಕೆಂಪು ರಿಬ್ಬನ್. ಸರ್ಕಾರಕ್ಕೆ ರಿಬ್ಬನ್ನಿನ ಮೇಲೆ ಎಷ್ಟು ವಿಶ್ವಾಸ! ಆವತ್ತು ಪಕ್ಕದ ರಸ್ತೆ ಕೆಲಸದಿಂದ ಚಿಗವ್ವ ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು. ಕಾವಲುಗಾರ ಅಪ್ಪಾಸಾಬ ಅಡ್ಡ ನಿಂತ.

“ಸಾಹೇಬ್ರು ಬಂದು ಕತ್ತರಸೂತನಕ ಯಾರನ್ನೂ ಒಳಗ ಬಿಡಬ್ಯಾಡಂದಾರ್ರಿ ಯವ್ವ. ಸ್ವಲ್ಪ ತಡಕೋರಿ.”

“ಎಲ್ಲೀತನಕೋ ಯಪ್ಪಾ? ನನ್ನ ಹೊಟ್ಟಿ ನಿಮ್ಮ ಸಾಹೇಬ್ರ ಮಾತು ಕೇಳಂಗಿಲ್ಲ!”

“ಚಿಗವ್ವ, ಬಗ್ಗಿ ಕೆಳಗಿಂದ ನುಸುಳು,” ಎಂದೆ.

“ಲೇ ಹುಲಿಗ್ಯಾ, ಬಗ್ಗಿದ್ರ ಇಲ್ಲೇ ಉದ್ಘಾಟನಾ ಆಗಿಹೊಕ್ಕೈತಿ!”

ನಾನು ಎದುರಿಗೆ ಮರಳಿನ ಮೇಲೆ ಚಪ್ಪರ ಹಾಕಿದ ಶ್ಯಾಕ್ ಹೋಟೆಲಿನಲ್ಲಿ ಮೀನು ಹಸನು ಮಾಡುವವನು. ಕತ್ತರಿ ಕೈಯಲ್ಲೇ ಇತ್ತು. ಕತ್ತರಿಸಿದೆ. ಸಭಾಮರ್ಯಾದೆಗೆಂದು ಚಪ್ಪಾಳೆಯನ್ನೂ ತಟ್ಟಿದೆ.

ಶ್ಯಾಕಿಗೆ ಬರುವ ವಕೀಲರೊಬ್ಬರು ಬಂಗಡೆ ಫ್ರೈ ತಿನ್ನುತ್ತ ಹೇಳಿದರು: ದುರುದ್ದೇಶವಿಲ್ಲದೆ, ದೊಡ್ಡ ಹಾನಿ ತಪ್ಪಿಸಲೆಂದೇ ಪ್ರಾಮಾಣಿಕವಾಗಿ ಸಣ್ಣ ಹಾನಿ ಮಾಡಿದರೆ, ನ್ಯಾಯ ಸಂಹಿತೆಯ ಹತ್ತೊಂಬತ್ತನೇ ಕಲಮಿನ ಪ್ರಕಾರ ಅದು ಅಪರಾಧವಲ್ಲವಂತೆ. ತಾವೇ ತೂಗಿ ನೋಡಿ. ಒಂದು ಕಡೆ ಮೊಳ ರಿಬ್ಬನ್, ಇನ್ನೊಂದು ಕಡೆ ಮೊಬೈಲು ಹಿಡಿದ ಪ್ರವಾಸಿಗಳ ನಡುವೆ ಒಬ್ಬ ಹೆಂಗಸಿನ ಮಾನ. ಯಾವುದು ಭಾರ? ದುರುದ್ದೇಶವೇ? ಆ ಗಳಿಗೆಯಲ್ಲಿ ಚಿಗವ್ವನಿಗಿದ್ದದ್ದು ಒಂದೇ ಉದ್ದೇಶ, ಅದನ್ನು ಬಿಡಿಸಿ ಹೇಳಬೇಕೇ? ಚಪ್ಪಾಳೆಗೆ ಮಾತ್ರ ಯಾವ ಅನಿವಾರ್ಯತೆಯೂ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬೇಕಾದರೆ ಅದಕ್ಕೆ ನನಗೆ ಶಿಕ್ಷೆ ಕೊಡಿ.

ಚಿಗವ್ವನ ಹೆಸರು ಕೈಬಿಡಿ; ಆಕೆ ನಾಳೆಯೇ ಬುಟ್ಟಿ ಹೊರಲಿ. ಒಪ್ಪದಿದ್ದರೆ ಮತ್ತೆ ರಿಬ್ಬನ್ ಕಟ್ಟಿ, ಅತಿಥಿಗಳನ್ನು ಕರೆಸಿ. ಪಣಜಿಯಿಂದ ಬರುವ ದಾರಿಯಲ್ಲಿ ಅವರಿಗೆ ಎಳನೀರಿನ ಮೇಲೆ ಎಳನೀರು ಕುಡಿಸಿ. ಸ್ವಾಗತ, ಭಾಷಣ, ವಂದನಾರ್ಪಣೆ ಎಲ್ಲ ಮೊದಲಾಗಲಿ, ರಿಬ್ಬನ್ ಕೊನೆಗೆ. ಆಗ ಕತ್ತರಿಯನ್ನು ಮಾತ್ರ ಎಲ್ಲಾದರೂ ಬಚ್ಚಿಟ್ಟು ಅವರ ಮುಖ ನೋಡಿ. ಹತ್ತೊಂಬತ್ತನೇ ಕಲಮು ವಕೀಲರಿಲ್ಲದೆಯೇ ಅರ್ಥವಾಗುತ್ತದೆ.

ಇಂತಿ,
ಕತ್ತರಿಯನ್ನು ಠಾಣೆಗೊಪ್ಪಿಸಿ ಬರಿಗೈಯಲ್ಲಿ ಮೀನು ಹಸನು ಮಾಡುತ್ತಿರುವ
ಅನಧಿಕೃತ ಉದ್ಘಾಟಕ,
ಹುಲಿಗೆಪ್ಪ